ಕಾಡಿನ ದೋಣಿಯೂ ನಮ್ಮ ಶಾಲೆಯ ಗ್ಯಾದರಿಂಗೂ

ಈ ಸಲದ ಗ್ಯಾದರಿಂಗ್ ಹೊತ್ತಿಗೆ ನಮ್ಮ ಪ್ರೌಢಶಾಲೆಗೆ ೫೦ ವರ್ಷ ತುಂಬುತ್ತದೆ. ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎಂದೇ ಹೆಸರು. ಯಲ್ಲಾಪುರ ತಾಲೂಕಿನ ಈ ಮೂಲೆಯಲ್ಲಿ ಇಂಗ್ಲಿಷಿನ ಗಂಧವಿಲ್ಲದ ಅಜ್ಜಿಯರೂ "ನಾಳೆ ಗ್ಯಾದರಿಂಗು, ಬೇಗ ಅಡುಗೆ ಮುಗಿಸಬೇಕು" ಎನ್ನುತ್ತಾರೆ. ಐವತ್ತನೆಯ ವರ್ಷವೆಂದ ಮೇಲೆ ಸಮಿತಿ ಆಯಿತು, ಸಭೆ ಆಯಿತು, ಚಹಾ ಅವಲಕ್ಕಿ ಆಯಿತು. ಕೊನೆಗೆ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅಡಿಕೆ ವ್ಯಾಪಾರದಲ್ಲಿರುವವನು, ಎದ್ದು ನಿಂತು ಹೇಳಿದ: "ಅಕ್ಕೋರೇ, ಏನಾದ್ರೂ ಬಿಡಿ, ನಿಮ್ಮ ಆ ಕಾಡುಜನರ ಡಾನ್ಸು ಮಾತ್ರ ಈ ಸಲ ಆಗ್ಲೇಬೇಕು. ನಾವೇ ಹಳಬರು ಸೇರಿ ಮಾಡ್ತೇವೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಲೋಟ ಕೆಳಗಿಟ್ಟು, "ನೋಡುವಾ" ಎಂದಷ್ಟೇ ಹೇಳಿ ಮನೆಗೆ ಬಂದೆ.

ಆ ಡಾನ್ಸಿನ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮನ್ನು ಅಮೆರಿಕದ ಒಂದು ಕಾಲುವೆಗೆ ಕರೆದುಕೊಂಡು ಹೋಗಬೇಕಾಗಿದೆ. ಆ ಕಾಲುವೆಯಲ್ಲಿ ದೋಣಿ ಹತ್ತದೇ ಹೋಗಿದ್ದರೆ ನಾನೂ ಅಂದು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದೆನೋ ಏನೋ.

೨೦೨೫ರ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಮೊಮ್ಮಗನಿಗೆ ಐದು ವರ್ಷ. ಅಜ್ಜಿ ಬಂದಿದ್ದೇ ನೆಪವಾಗಿ ಅವನಿಗೆ ಡಿಸ್ನಿಲ್ಯಾಂಡ್ ಆಗಬೇಕಿತ್ತು. ಪಕ್ಕದ ಮನೆಯ ಹೆಂಗಸೂ ನಮ್ಮ ಜೊತೆ ಹೊರಟರು. ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು, ಒಬ್ಬರೇ ಇರುವವರು. ಹುಡುಗಿಯಾಗಿದ್ದಾಗಿನಿಂದ ಅಲ್ಲಿಗೆ ಹೋಗಿ ಬಂದು ಅಭ್ಯಾಸ. ಹೊರಡುವ ಹಿಂದಿನ ಸಂಜೆ ತಮ್ಮ ಹಳೆಯ ಫೋಟೋ ಆಲ್ಬಮ್ ತಂದು ನನ್ನ ಮಡಿಲಲ್ಲಿಟ್ಟರು. "ನಾಳೆ ನೀವು ನೋಡುವುದು ಇದಲ್ಲ. ನಾನು ನೋಡಿದ್ದು ಇದು. ಈಗ ಎಲ್ಲ ತಿದ್ದಿ ಹಾಳು ಮಾಡಿದ್ದಾರೆ" ಎಂಬುದು ಅವರ ದೂರು.

ಅನಾಹೈಮ್ ಎಂಬ ಊರಿನ ಕಿತ್ತಳೆ ತೋಟಗಳನ್ನು ಕಡಿದು ವಾಲ್ಟ್ ಡಿಸ್ನಿ ಕಟ್ಟಿಸಿದ ಈ ಉದ್ಯಾನ ತೆರೆದದ್ದು ೧೯೫೫ರ ಜುಲೈ ೧೭ರಂದು. ಅದೇ ದಿನದಿಂದ ಇರುವ ಸವಾರಿಗಳಲ್ಲಿ 'ಜಂಗಲ್ ಕ್ರೂಸ್' ಒಂದು. ನಾವು ಕಾಡಿನ ದೋಣಿ ಎನ್ನೋಣ. ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಾದ ನದಿಗಳೆಲ್ಲ ಒಂದೇ ಕಾಲುವೆಯಲ್ಲಿ ಹರಿಯುತ್ತವೆ. ನೀರಿಗೆ ಬಣ್ಣ ಹಾಕಿ ಮಸುಕು ಮಾಡಿರುತ್ತಾರೆ, ಏಕೆಂದರೆ ದೋಣಿ ಓಡುವುದು ತಳದಲ್ಲಿರುವ ಹಳಿಯ ಆಧಾರದಿಂದ. ಮೊದಲು ಜೀವಂತ ಪ್ರಾಣಿಗಳನ್ನೇ ಬಿಡಬೇಕೆಂದಿದ್ದರಂತೆ. ಹಗಲಿಡೀ ಅವು ಮಲಗಿರುತ್ತವೆ, ಜನರಿಗೆ ಕಾಣಿಸಿಕೊಳ್ಳುವುದಿಲ್ಲ ಎಂದು ಪ್ರಾಣಿಶಾಸ್ತ್ರ ಬಲ್ಲವರು ಹೇಳಿದ ಮೇಲೆ ಯಂತ್ರದ ಪ್ರಾಣಿಗಳು ಬಂದವು. ೧೯೬೨ರಲ್ಲಿ ಮಾರ್ಕ್ ಡೇವಿಸ್ ಎಂಬ ಕಲಾವಿದನ ಕಲ್ಪನೆಯಂತೆ ಸ್ನಾನ ಮಾಡುವ ಭಾರತದ ಆನೆಗಳನ್ನು ಸೇರಿಸಿದರು. ಸಣ್ಣ ಕಿವಿ, ಗುಮ್ಮಟದಂಥ ತಲೆ. ನೋಡಿದೊಡನೆ ಇದು ನಮ್ಮ ದಾಂಡೇಲಿ ಕಡೆಯ ಆನೆಯೇ ಎಂದು ಮೊಮ್ಮಗನಿಗೆ ಹೇಳಿದೆ. ಸುಳ್ಳೇನಲ್ಲವಲ್ಲ.

ದೋಣಿ ನಡೆಸುವ ಹುಡುಗ ಮಾತಿಗೊಂದು ನಗೆಚಾಟಿಕೆ ಹಾರಿಸುತ್ತಿದ್ದ. ಏಳೆಂಟು ನಿಮಿಷ ಕಳೆದದ್ದೇ ತಿಳಿಯಲಿಲ್ಲ. ಒಂದು ಕಡೆ ಘೇಂಡಾಮೃಗವೊಂದು ಕೆಳಗೆ ನಿಂತು ತಿವಿಯಲು ನೋಡುತ್ತಿರುತ್ತದೆ, ಜೀವ ಉಳಿಸಿಕೊಳ್ಳಲು ಜನ ಒಂದು ಕಂಬಕ್ಕೆ ಒಬ್ಬರ ಕೆಳಗೊಬ್ಬರು ಜೋತುಬಿದ್ದಿರುತ್ತಾರೆ. ನಮ್ಮ ದೋಣಿಯವರೆಲ್ಲ ನಕ್ಕರು, ನಾನೂ ನಕ್ಕೆ. ಪಕ್ಕದ ಮನೆಯ ಹೆಂಗಸು ಮಾತ್ರ ನನ್ನ ಕಿವಿಯಲ್ಲಿ, "ಆಲ್ಬಮ್ಮಿನಲ್ಲಿ ಇದೇ ಕಂಬ ನೋಡಿದಿರಲ್ಲ?" ಎಂದರು.

ನೋಡಿದ್ದೆ. ಹಳೆಯ ಫೋಟೋದಲ್ಲಿ ಕಂಬದ ತುದಿಯಲ್ಲಿ ಸುರಕ್ಷಿತನಾಗಿ ಬಿಳಿಯ ಸಾಹಸಿಯೊಬ್ಬ ಇದ್ದ. ಅವನ ಕೆಳಗೆ, ಕೊಂಬಿಗೆ ಹತ್ತಿರವಾಗಿ, ಅವನ ಸಾಮಾನು ಹೊರುವ ಕಪ್ಪು ಆಳುಗಳು. ಇನ್ನೊಂದು ಫೋಟೋದಲ್ಲಿ ಈಟಿ ಹಿಡಿದು ದೋಣಿಯ ಮೇಲೇರಿ ಬರುವ ಕಾಡುಜನ, ಮತ್ತೊಂದರಲ್ಲಿ ಕುಣಿಯುವವರು. ಕೊನೆಯಲ್ಲಿ 'ಟ್ರೇಡರ್ ಸ್ಯಾಮ್' ಎಂಬ ವ್ಯಾಪಾರಿ. ಅವನ ಅಂಗಡಿಯ ಸರಕೆಂದರೆ ಒಣಗಿಸಿ ಕುಗ್ಗಿಸಿದ ಮನುಷ್ಯರ ತಲೆಗಳು! ಇವನ್ನೆಲ್ಲ ತೆಗೆಯುವುದಾಗಿ ೨೦೨೧ರ ಜನವರಿಯಲ್ಲಿ ಕಂಪನಿ ಪ್ರಕಟಿಸಿತು. ಅದೇ ಜುಲೈಯಲ್ಲಿ ದೋಣಿ ಹೊಸ ರೂಪದಲ್ಲಿ ಓಡತೊಡಗಿತು. ಈಗ ಕಂಬಕ್ಕೆ ಜೋತಿರುವವರು ಬೇರೆ ಬೇರೆ ದೇಶದ ಪ್ರವಾಸಿಗಳು. ಕಾಡುಜನರಿದ್ದ ಜಾಗದಲ್ಲಿ ಮುಳುಗಿದ ದೋಣಿಯೊಂದನ್ನು ವಶಪಡಿಸಿಕೊಂಡ ಚಿಂಪಾಂಜಿಗಳ ಕಾರುಬಾರು.

ಆ ಕುಣಿಯುವವರ ಫೋಟೋ ನೋಡಿದಾಗ ಹಿಂದಿನ ರಾತ್ರಿ ನನಗೆ ನಿದ್ರೆ ಹತ್ತಿರಲಿಲ್ಲ. ಆ ಕುಣಿತ ನನಗೆ ಗೊತ್ತಿತ್ತು. ಅದನ್ನು ಕಲಿಸಿದವಳೇ ನಾನು.

ಈಗ ೧೯೯೮ಕ್ಕೆ ಬರೋಣ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಗ್ಯಾದರಿಂಗಿನಲ್ಲಿ ಹೆಸರು ಮಾಡಬೇಕೆಂಬ ಹುಮ್ಮಸ್ಸು. ಎಂಟನೆಯ ತರಗತಿಯ ಮಕ್ಕಳಿಗೆ ಕಾಡುಜನರ ಕುಣಿತವೊಂದನ್ನು ನಾನೇ ಜೋಡಿಸಿದೆ. ಪಾತ್ರೆಯ ತಳದ ಮಸಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮೈಗೆಲ್ಲ ಬಳಿಯುವುದು, ಸೊಂಟಕ್ಕೆ ಮಾವಿನ ಸೊಪ್ಪು, ಕೊರಳಿಗೆ ರಟ್ಟಿನ ಎಲುಬಿನ ಸರ. ಹ್ಯಾಟು ಹಾಕಿದ ದೊರೆಯೊಬ್ಬನನ್ನು ಕಂಬಕ್ಕೆ ಕಟ್ಟಿ, ದೊಡ್ಡ ಹಂಡೆಯ ಸುತ್ತ ಹುಯಿಲೆಬ್ಬಿಸುತ್ತ ಕುಣಿಯುವುದು. ಅರ್ಥವಿಲ್ಲದ ಒಂದು ಹಾಡು. ಇದನ್ನೆಲ್ಲ ನಾನು ಎಲ್ಲಿಂದ ತಂದೆ? ಟೆಂಟಿನಲ್ಲಿ ನೋಡಿದ ಸಿನಿಮಾಗಳಿಂದ. ಆ ಸಿನಿಮಾದವರು ತಂದದ್ದು ಹಾಲಿವುಡ್ಡಿನಿಂದ. ಹಾಗೆ ನೋಡಿದರೆ ಅನಾಹೈಮಿನ ಕಾಲುವೆಗೂ ನಮ್ಮ ಶಾಲೆಯ ಸ್ಟೇಜಿಗೂ ನೀರು ಬಂದದ್ದು ಒಂದೇ ಒರತೆಯಿಂದ.

ಆ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗಿ ಇದ್ದಳು. ನಮ್ಮ ತಾಲೂಕನ್ನು ಬಲ್ಲವರಿಗೆ ಸಿದ್ದಿಯರ ಪರಿಚಯ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಹೇಳುತ್ತೇನೆ: ಪೋರ್ಚುಗೀಸರೂ ಅರಬ್ ವರ್ತಕರೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತತಿ ಅವರು. ಗೋವಾದ ಕಡೆಯಿಂದ ತಪ್ಪಿಸಿಕೊಂಡು ಬಂದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ನೆಲೆ ನಿಂತರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ೨೦೦೩ರಲ್ಲಿ.

ಹುಡುಗಿ ಚುರುಕು. ಕುಣಿತದ ಹೆಜ್ಜೆ ಎಲ್ಲರಿಗಿಂತ ಮೊದಲು ಕಲಿತಿದ್ದಳು. ಗ್ಯಾದರಿಂಗಿನ ಸಂಜೆ ಮಕ್ಕಳೆಲ್ಲ ಮಸಿಗಾಗಿ ಸಾಲು ನಿಂತಿದ್ದರು. ಅವಳ ಸರದಿ ಬಂದಾಗ ನಾನು ನಗುತ್ತ, "ನಿಂಗೆ ಮಸಿ ಬೇಡ ಬಿಡೇ, ನೀ ಹಾಗೇ ಬಾ" ಎಂದೆ.

ಸುತ್ತ ಇದ್ದವರೆಲ್ಲ ನಕ್ಕರು. ಮಾತು ಸ್ಟೇಜಿನಿಂದ ಕೆಳಕ್ಕೂ ಇಳಿದಿರಬೇಕು. ಅವಳು ಮುಂದಿನ ಸಾಲಿನಲ್ಲಿ ಕುಣಿಯುವಾಗ ಜನ ಬೆರಳು ತೋರಿಸಿ ನಕ್ಕದ್ದು ನನಗೆ ಕಂಡಿತು. ಮೆಚ್ಚಿ ನಗುತ್ತಿದ್ದಾರೆ ಎಂದುಕೊಂಡೆ. ಒಳ್ಳೆಯ ಜಾಗ ಕೊಟ್ಟು ಅವಳಿಗೆ ಉಪಕಾರ ಮಾಡಿದೆನೆಂಬ ಸಮಾಧಾನವೂ ಇತ್ತು. ಮರುದಿನ ಎಲುಬಿನ ಸರವನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ಅಕ್ಕೋರೇ, ಬರೂ ವರ್ಷ ನಾ ಬರೂದಿಲ್ಲ" ಎಂದಳು. ನಾಚಿಕೆ ಸ್ವಭಾವ ಎಂದುಕೊಂಡೆ. ಬರುವ ವರ್ಷ ಗ್ಯಾದರಿಂಗಿನ ದಿನ ಅವಳು ಶಾಲೆಗೇ ಬರಲಿಲ್ಲ. ಅದರ ಮುಂದಿನ ವರ್ಷವೂ.

ಅದೇ ವರ್ಷ ನಾನು ಅದೇ ತರಗತಿಗೆ ಬಿಜಾಪುರದ ಆದಿಲಶಾಹಿಗಳ ಪಾಠ ಮಾಡಿದ್ದೆ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿ, ಇಬ್ರಾಹಿಮನ ಸಂಗೀತ ಪ್ರೇಮ ಎಲ್ಲ ಹೇಳಿದೆ. ಅದೇ ಬಿಜಾಪುರದ ದರಬಾರಿನಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನನು ಅಧಿಕಾರ ನಡೆಸಿದ್ದನ್ನು ಹೇಳಲಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದನಗರವನ್ನೇ ಆಳಿ ಮೊಗಲರನ್ನು ವರ್ಷಗಟ್ಟಲೆ ಸತಾಯಿಸಿದ ಮಲಿಕ್ ಅಂಬರನ ಹೆಸರು ಹೇಳಿದ್ದೆನೋ ಏನೋ, ಅವನು ಎಲ್ಲಿಯವನೆಂದು ಹೇಳಲಿಲ್ಲ. ಆಫ್ರಿಕಾದವರೆಂದರೆ ಹೀಗೂ ಇದ್ದರು ಎಂದು ಆ ಹುಡುಗಿಗೆ ತೋರಿಸಲು ನನ್ನ ಕೈಯಲ್ಲಿ ಇಡೀ ವರ್ಷವಿತ್ತು. ನಾನು ತೋರಿಸಿದ್ದು ಹಂಡೆ ಮತ್ತು ಎಲುಬಿನ ಸರ.

ಮತ್ತೆ ಡಿಸ್ನಿಲ್ಯಾಂಡಿಗೆ ಹೋಗೋಣ. ಕಾಡಿನ ದೋಣಿಯಿಂದ ಇಳಿದು ನಾವು ಕಡಲುಗಳ್ಳರ ದೋಣಿ ಹತ್ತಿದೆವು. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಎಂಬ ಈ ಸವಾರಿ ಶುರುವಾದದ್ದು ೧೯೬೭ರ ಮಾರ್ಚಿನಲ್ಲಿ, ಡಿಸ್ನಿ ತೀರಿಕೊಂಡ ಮೂರು ತಿಂಗಳಿಗೆ. ಇದರಿಂದಲೇ ಮುಂದೆ ೨೦೦೩ರಲ್ಲಿ ಸಿನಿಮಾ ಹುಟ್ಟಿತು. ಕತ್ತಲೆಯಲ್ಲಿ ದೋಣಿ ಜಾರುತ್ತದೆ, ಕಡಲುಗಳ್ಳರು ಊರಿಗೆ ಬೆಂಕಿ ಇಡುತ್ತಾರೆ, ಸೆರೆಯಲ್ಲಿರುವವರು ಬೀಗದ ಕೈ ಕಚ್ಚಿಕೊಂಡ ನಾಯಿಯನ್ನು ಪುಸಲಾಯಿಸುತ್ತಾರೆ. ಇದರ ನಡುವೆ ಮೊದಲು ಒಂದು ಹರಾಜಿನ ದೃಶ್ಯವಿತ್ತು. ಊರಿನ ಹೆಂಗಸರ ಕೈ ಕಟ್ಟಿ ಸಾಲಾಗಿ ನಿಲ್ಲಿಸಿ ಹರಾಜು ಹಾಕುವುದು. ದಪ್ಪ ಹೆಂಗಸಿನ ಸರದಿ ಬಂದರೆ ಕಡಲುಗಳ್ಳರಿಗೆ ಬೇಡ, ಕೆಂಪು ಕೂದಲಿನವಳು ಬೇಕೆಂದು ಕೂಗಾಟ. ಇನ್ನೊಂದೆಡೆ ಹೆಂಗಸರನ್ನು ಅಟ್ಟಿಸಿಕೊಂಡು ಓಡುವ ಕಡಲುಗಳ್ಳರು.

೧೯೯೭ರಲ್ಲಿ ಆ ಓಡಿಸುವ ದೃಶ್ಯವನ್ನು ತಿದ್ದಿದರು. ಹೇಗೆಂದರೆ, ಓಡುವ ಹೆಂಗಸರ ಕೈಗೆ ತಿಂಡಿಯ ತಟ್ಟೆ ಕೊಟ್ಟರು. ಕಳ್ಳರು ಓಡುತ್ತಿರುವುದು ಊಟದ ಆಸೆಗೆ ಎಂದಾಯಿತು! ಆಮೇಲೆ ೨೦೧೮ರಲ್ಲಿ ಹರಾಜನ್ನೇ ಬದಲಿಸಿದರು. ಈಗ ಹರಾಜಾಗುವುದು ಊರಿನವರ ಸಾಮಾನು ಸರಂಜಾಮು. ಕಟ್ಟಿಹಾಕಿಸಿಕೊಂಡು ನಿಲ್ಲುತ್ತಿದ್ದ ಕೆಂಪು ಕೂದಲಿನವಳು ಈಗ ಬಂದೂಕು ಹಿಡಿದ ಕಡಲುಗಳ್ಳಿ.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತಾಗ ಪಕ್ಕದ ಮನೆಯ ಹೆಂಗಸು ಮಾತು ತೆಗೆದರು. ೧೯೬೭ರಲ್ಲಿ, ಸವಾರಿ ಶುರುವಾದ ವರ್ಷವೇ, ಅವರನ್ನು ಅಪ್ಪ ಕರೆದುಕೊಂಡು ಬಂದಿದ್ದರಂತೆ. ಅಪ್ಪ ಕಾರ್ಖಾನೆಯ ಕೆಲಸಗಾರ, ನಗುವವನೇ ಅಲ್ಲ. ಆ ಹರಾಜಿನ ಮುಂದೆ ದೋಣಿ ಬಂದಾಗ ಮಾತ್ರ ಹೊಟ್ಟೆ ಹಿಡಿದು ನಕ್ಕರಂತೆ. "ಅಪ್ಪ ನಕ್ಕ ಜಾಗ ಅದು. ಪ್ರತಿ ಸಲ ಅಲ್ಲಿಗೆ ಬಂದಾಗ ಅವರ ನಗು ಕೇಳಿಸುತ್ತಿತ್ತು. ಅದನ್ನು ಕಿತ್ತು ಹಾಕಿದರು" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಸ್ವಲ್ಪ ಸಿಟ್ಟಿನಿಂದ ಇನ್ನೊಂದು ಪ್ರಶ್ನೆ ಕೇಳಿದರು: "ನೀವು ಇತಿಹಾಸ ಕಲಿಸುವವರಲ್ಲವೇ? ಕಡಲುಗಳ್ಳರು ಹೆಂಗಸರನ್ನು ಗೌರವದಿಂದ ಕಾಣುತ್ತಿದ್ದರೇ? ಇದ್ದದ್ದನ್ನು ಮುಚ್ಚಿಡುವುದು ಇತಿಹಾಸವೇ?"

ಪ್ರಶ್ನೆ ಸಣ್ಣದಲ್ಲ. ಅವರ ಅಪ್ಪನ ನಗುವನ್ನು ನಾನು ತಳ್ಳಿಹಾಕಲಾರೆ. ನನ್ನ ಅಪ್ಪ ಯಕ್ಷಗಾನದ ಒಂದು ಪಾತ್ರಕ್ಕೆ ನಗುತ್ತಿದ್ದ ರೀತಿ ನನಗೂ ನೆನಪಿದೆ. ಊಟದ ತಟ್ಟೆ ಕೊಟ್ಟು ತೇಪೆ ಹಚ್ಚಿದ್ದನ್ನು ನಾನೂ ಒಪ್ಪುವುದಿಲ್ಲ, ಅದು ನುಣುಚಿಕೊಳ್ಳುವ ಉಪಾಯ. ಅದೇ ಉದ್ಯಾನದ ಇನ್ನೊಂದು ಹೊಳೆಯ ದಡದಲ್ಲಿ ಉರಿಯುವ ಗುಡಿಸಲೊಂದಿತ್ತು. ಮೊದಲು ಅದರ ಮುಂದೆ ಬಾಣ ನೆಟ್ಟ ಬಿಳಿಯನ ಹೆಣ ಬಿದ್ದಿರುತ್ತಿತ್ತು, ಬೆಂಕಿ ಇಟ್ಟವರು ರೆಡ್ ಇಂಡಿಯನ್ನರೆಂದು ಹೇಳುತ್ತಿದ್ದರು. ಕಾಲ ಬದಲಾದಂತೆ ಬೆಂಕಿಗೆ ಕಾರಣ ಬದಲಾಯಿತು. ಹೊಳೆಯ ದರೋಡೆಕೋರರು ಎಂದರು, ಕಳ್ಳಭಟ್ಟಿ ಕಾಯಿಸುವವನ ಅಜಾಗ್ರತೆ ಎಂದರು. ಗುಡಿಸಲು ಅದೇ, ಬೆಂಕಿ ಅದೇ, ಅಪರಾಧಿ ಮಾತ್ರ ಬೇರೆ. ಮೊದಲು ಯಾರ ಮೇಲೆ ತಪ್ಪು ಹೊರಿಸಿದ್ದೆವೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಶಾಲೆಯ ಮಗು ತಪ್ಪು ಲೆಕ್ಕವನ್ನು ರಬ್ಬರಿನಿಂದ ಉಜ್ಜಿ, ಸರಿ ಉತ್ತರ ಬರೆದು, ಮೊದಲೇ ಸರಿಯಿತ್ತೆಂದು ಹೇಳಿದ ಹಾಗೆ.

ಆದರೂ ಆ ಹೆಂಗಸಿಗೆ ನಾನು ಹೇಳಿದ್ದು ಹೀಗೆ: "ಊರಿಗೆ ಬೆಂಕಿ ಇಡುವುದನ್ನು ಅವರು ತೆಗೆದಿಲ್ಲವಲ್ಲ. ಕುಡಿತ, ಲೂಟಿ, ಕತ್ತಿವರಸೆ ಎಲ್ಲ ಇದೆ. ಕಡಲುಗಳ್ಳರು ಒಳ್ಳೆಯವರೆಂದು ಯಾರೂ ಸುಳ್ಳು ಹೇಳಿಲ್ಲ. ತೆಗೆದದ್ದು ಕೈ ಕಟ್ಟಿಸಿಕೊಂಡವಳ ಮೇಲಿನ ನಗುವನ್ನು ಮಾತ್ರ." ಹೆಂಗಸರನ್ನು ಮಾರಿದ್ದು ಇತಿಹಾಸವೇ ಹೌದು. ಅದನ್ನು ಪಾಠದಲ್ಲಿ ಹೇಳಬೇಕು, ಪುಸ್ತಕದಲ್ಲಿ ಬರೆಯಬೇಕು. ಪುಸ್ತಕಕ್ಕೆ ಮುನ್ನುಡಿ ಇರುತ್ತದೆ, ವಸ್ತುಸಂಗ್ರಹಾಲಯದಲ್ಲಿ ಪಕ್ಕಕ್ಕೊಂದು ಫಲಕ ಇರುತ್ತದೆ, ತರಗತಿಯಲ್ಲಿ ಮಗು ಕೈಯೆತ್ತಿ ಕೇಳಬಹುದು. ಓಡುವ ದೋಣಿಗೆ ಇದೊಂದೂ ಇಲ್ಲ. ದೃಶ್ಯ ಬರುತ್ತದೆ, ನಗು ಬರುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಐದು ವರ್ಷದ ಮಗು ದೋಣಿಯಿಂದ ಇಳಿಯುವಾಗ ತನ್ನ ಜೊತೆ ಒಯ್ಯುವುದು ಯಾರನ್ನು ನೋಡಿ ನಗಬಹುದು ಎಂಬುದನ್ನಷ್ಟೇ.

ಅವರು ಒಪ್ಪಲಿಲ್ಲ. "ಈಗಿನವರಿಗೆ ಎಲ್ಲಕ್ಕೂ ಮನಸ್ಸು ನೋಯುತ್ತದೆ. ನಮ್ಮ ಕಾಲದಲ್ಲಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ" ಎಂದರು. ನಮ್ಮಲ್ಲೂ ಇದನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ನಿಜವಾಗಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲವೇ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಮೂರನೆಯ ಸವಾರಿಯಲ್ಲಿ.

'ಸ್ಪ್ಲಾಶ್ ಮೌಂಟನ್' ಎಂಬ ಗುಡ್ಡದ ಜಲಪಾತದ ಸವಾರಿ ೧೯೮೯ರಲ್ಲಿ ತೆರೆಯಿತು. ೨೦೨೩ರಲ್ಲಿ ಅದನ್ನು ಮುಚ್ಚಿ, ೨೦೨೪ರ ನವೆಂಬರಿನಲ್ಲಿ 'ಟಿಯಾನಾಸ್ ಬಾಯೂ ಅಡ್ವೆಂಚರ್' ಎಂಬ ಹೊಸ ಹೆಸರಿನಲ್ಲಿ ತೆರೆದರು. ಗುಡ್ಡ ಅದೇ, ಧುಮುಕುವ ನೀರೂ ಅದೇ. ಕಥೆ ಮಾತ್ರ ಬೇರೆ. ಈಗಿನ ನಾಯಕಿ ಟಿಯಾನಾ, ೨೦೦೯ರ ಸಿನಿಮಾದ ನ್ಯೂ ಓರ್ಲಿಯನ್ಸ್ ಹುಡುಗಿ. ಡಿಸ್ನಿಯವರ ರಾಜಕುಮಾರಿಯರಲ್ಲಿ ಮೊದಲ ಕಪ್ಪು ಹುಡುಗಿ. ಮೊದಲಿದ್ದ ಕಥೆ 'ಸಾಂಗ್ ಆಫ್ ದಿ ಸೌತ್' ಎಂಬ ೧೯೪೬ರ ಸಿನಿಮಾದ್ದು. ಮುದುಕ ಅಂಕಲ್ ರೀಮಸ್ ಬಿಳಿಯ ಮಗುವಿಗೆ ಜಾಣ ಮೊಲದ ಕಥೆ ಹೇಳುವುದು ಅದರ ವಸ್ತು. ತೋಟದ ಒಡೆಯರೂ ದುಡಿಯುವ ಕಪ್ಪು ಜನರೂ ಸುಖವಾಗಿ ಹಾಡಿಕೊಂಡಿದ್ದರೆಂಬಂತೆ ಅದರಲ್ಲಿ ಚಿತ್ರಿಸಿದ್ದರು.

ಈ ಸಿನಿಮಾ ಬಂದ ೧೯೪೬ರಲ್ಲೇ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್.ಎ.ಎ.ಸಿ.ಪಿ. ಆಕ್ಷೇಪಿಸಿತ್ತು. ಅಂಕಲ್ ರೀಮಸ್ ಪಾತ್ರ ಮಾಡಿದ ಜೇಮ್ಸ್ ಬಾಸ್ಕೆಟ್‌ಗೆ ೧೯೪೮ರಲ್ಲಿ ವಿಶೇಷ ಆಸ್ಕರ್ ಪ್ರಶಸ್ತಿ ಸಿಕ್ಕಿತು. ಆದರೆ ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವನು ಹೋಗಲಾಗಲಿಲ್ಲ, ಏಕೆಂದರೆ ಆ ಊರಿನಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ವ್ಯವಸ್ಥೆ. ಸವಾರಿಯ ಕಥೆ ಬದಲಿಸುವ ನಿರ್ಧಾರ ಹೊರಬಿದ್ದದ್ದು ೨೦೨೦ರ ಜೂನಿನಲ್ಲಿ. ಲೆಕ್ಕ ಹಾಕಿ ನೋಡಿ, ಆಕ್ಷೇಪಕ್ಕೂ ಉತ್ತರಕ್ಕೂ ನಡುವೆ ೭೪ ವರ್ಷ. ನೋವು ಈಗಿನವರದ್ದಲ್ಲ. ಅದು ಸಿನಿಮಾದಷ್ಟೇ ಹಳೆಯದು. ಹೊಸದಾಗಿ ಬಂದದ್ದು ಕೇಳಿಸಿಕೊಳ್ಳುವ ಕಿವಿ. ಕಾಡಿನ ದೋಣಿ ಶುರುವಾದ ೧೯೫೫ರ ಡಿಸೆಂಬರಿನಲ್ಲೇ ಅದೇ ದೇಶದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡದೆ ಕುಳಿತಳು. ಅವಳಿಗೆ ಏನೂ ಅನ್ನಿಸದೆಯೇ?

ಇಲ್ಲಿ ನನಗೊಂದು ಬೇಸರವೂ ಉಂಟು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ಮೊಲದ ಕಥೆಗಳು ಡಿಸ್ನಿಯವುಗಳೂ ಅಲ್ಲ, ೧೮೮೦ರಲ್ಲಿ ಪುಸ್ತಕ ಮಾಡಿದ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತನವೂ ಅಲ್ಲ. ಗುಲಾಮರಾಗಿದ್ದವರು ರಾತ್ರಿ ಒಲೆಯ ಮುಂದೆ ಹೇಳಿಕೊಳ್ಳುತ್ತಿದ್ದ ಕಥೆಗಳು ಅವು, ಪಶ್ಚಿಮ ಆಫ್ರಿಕಾದ ಬೇರಿರುವಂಥವು. ಬಲಶಾಲಿ ನರಿ, ಕರಡಿಗಳನ್ನು ಸಣ್ಣ ಮೊಲ ಬುದ್ಧಿಯಿಂದ ಸೋಲಿಸುತ್ತದೆ. ಯಾರು ಮೊಲ, ಯಾರು ಕರಡಿ ಎಂದು ಹೇಳುವವನಿಗೂ ಕೇಳುವವನಿಗೂ ಗೊತ್ತಿತ್ತು. ಅದರಲ್ಲಿ ಟಾರಿನ ಗೊಂಬೆಗೆ ಮೊಲ ಗುದ್ದಿ ಗುದ್ದಿ ಕೈಕಾಲು ಅಂಟಿಸಿಕೊಳ್ಳುವ ಕಥೆಯೊಂದಿದೆ. ನಮ್ಮ ಜಾತಕ ಕಥೆಗಳಲ್ಲಿ ಪಂಚಾಯುಧ ರಾಜಕುಮಾರ ಅಂಟುಗೂದಲಿನ ರಾಕ್ಷಸನಿಗೆ ಹೊಡೆದು ಆಯುಧ, ಕೈ, ಕಾಲು, ತಲೆ ಎಲ್ಲವನ್ನೂ ಅಂಟಿಸಿಕೊಳ್ಳುವ ಕಥೆ ಇದೆಯಲ್ಲ, ಅದರ ಜೊತೆ ವಿದ್ವಾಂಸರು ಇದನ್ನು ಹೋಲಿಸಿ ನೋಡಿದ್ದಾರೆ. ಕೆಟ್ಟದ್ದಿದ್ದದ್ದು ಆ ಸಿನಿಮಾದ ಚೌಕಟ್ಟಿನಲ್ಲಿ. ಚೌಕಟ್ಟು ಎಸೆಯುವಾಗ ಮೊಲವೂ ಗುಡ್ಡದಿಂದ ಹೊರಟುಹೋಯಿತು. ಯಾರ ಕಥೆಯೋ ಅವರ ಹೆಸರಿನಲ್ಲಿ ಮೊಲ ಎಂದಾದರೂ ತಿರುಗಿ ಬಂದೀತೆಂದು ನನ್ನ ಆಸೆ. ತಿದ್ದುವುದೆಂದರೆ ಬರೀ ತೆಗೆಯುವುದಲ್ಲ, ಏನನ್ನು ಏಕೆ ತೆಗೆದೆವೆಂದು ಹೇಳುವುದೂ ಅದರಲ್ಲಿ ಸೇರಿದೆ.

ಇಷ್ಟು ಹೇಳುವ ನಾನು ನನ್ನ ತಪ್ಪನ್ನು ತಿದ್ದಿಕೊಂಡದ್ದು ಹೇಗೆ? ಕುಣಿತವನ್ನು ಇನ್ನೂ ಒಂದೆರಡು ವರ್ಷ ಮಾಡಿಸಿದೆ. ಒಂದು ದಿನ, ಗ್ಯಾದರಿಂಗಿಗೆ ಆ ಹುಡುಗಿ ಯಾಕೆ ಬರುತ್ತಿಲ್ಲವೆಂಬುದು ಹೊಳೆದು ಮೈ ಬಿಸಿಯಾಯಿತು. ಮುಂದಿನ ವರ್ಷದಿಂದ ಕೋಲಾಟ ಮಾಡಿಸಿದೆ. ಯಾರಾದರೂ ಕೇಳಿದರೆ "ಮಸಿ ತೊಳೆಯುವುದು ಕಷ್ಟ" ಎಂದೆ. ಹೆಂಗಸರ ಕೈಗೆ ತಿಂಡಿ ತಟ್ಟೆ ಕೊಟ್ಟವರಿಗೂ ನನಗೂ ಏನು ವ್ಯತ್ಯಾಸ? ಹಾಗೆ ಸುಮ್ಮನೆ ಬಿಟ್ಟಿದ್ದರಿಂದಲೇ ಅಲ್ಲವೇ ೨೭ ವರ್ಷದ ಮೇಲೆ ಅಡಿಕೆ ವ್ಯಾಪಾರದ ಹುಡುಗ ಎದ್ದು ನಿಂತು ಅದನ್ನೇ ಕೇಳಿದ್ದು? ಅವನಿಗೆ ನಾನು ಎಂದೂ ಏನೂ ಹೇಳಿರಲಿಲ್ಲ. ಅವನ ನೆನಪಿನಲ್ಲಿ ಅದು ಈಗಲೂ ಒಳ್ಳೆಯ ಡಾನ್ಸು.

ಎರಡನೆಯ ಸಭೆಯಲ್ಲಿ ಕುಣಿತ ಬೇಡವೆಂದೆ. ಮುಖ್ಯಾಧ್ಯಾಪಕರು ನನಗಿಂತ ಹದಿನೈದು ವರ್ಷ ಚಿಕ್ಕವರು, ಸಂಭಾವಿತರು. "ಬೇಡ ಅಂದ್ರೆ ಬಿಡೋಣ ಮೇಡಂ, ಕಾರಣ ಯಾಕೆ ಹೇಳ್ಬೇಕು? ಸುಮ್ಮನೆ ಗದ್ದಲ" ಎಂದರು. ಮತ್ತೊಬ್ಬರು, "ಅದರ ಬದ್ಲಿಗೆ ಸಿದ್ದಿಯರದ್ದೇ ದಮಾಮಿ ಕುಣಿತ ಇಡುವಾ, ಜನ ಖುಷಿಯಾಗ್ತಾರೆ" ಎಂದರು. ನನಗೆ ಎರಡೂ ಸರಿ ಕಾಣಲಿಲ್ಲ. ಕೇಳಬೇಕಾದವಳನ್ನು ಕೇಳದೆ ನಾವೇ ಗೊತ್ತುಮಾಡುತ್ತಿದ್ದೆವು. ಮೊದಲಿನ ತಪ್ಪೂ ಅದೇ ಆಗಿತ್ತಲ್ಲ.

ಆ ಹುಡುಗಿ ಈಗ ನಲವತ್ತರ ಹೆಂಗಸು. ಅವಳ ಮಗಳು ನಮ್ಮ ಶಾಲೆಯಲ್ಲೇ ಎಂಟನೆಯ ತರಗತಿ. ಒಂದು ಭಾನುವಾರ ಅವಳ ಮನೆಗೆ ಹೋದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತವಳು ಎದ್ದು ಚಾಪೆ ಹಾಸಿದಳು, ಬೆಲ್ಲ ನೀರು ಕೊಟ್ಟಳು. ದಾರಿಯಲ್ಲಿ ಕಲಿತುಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, "ಮಸಿ ಬೇಡ ಅಂದಿದ್ದೆ ನೋಡು, ಅದು ತಪ್ಪಾಯ್ತು" ಎಂದೆ.

ಅವಳು ಅಡಿಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಂಗೆ ನೆನಪದೆ ಅಕ್ಕೋರೇ. ಆಮೇಲೆ ಶಾಲೆ ಬಿಡೂವರೆಗೂ ಹುಡುಗ್ರು ನನ್ನ ಮಸಿ ಅಂತ್ಲೇ ಕರೀತಿದ್ರು. ನಿಮಗೆ ಗೊತ್ತಿರ್ಲಿಲ್ಲ" ಎಂದಳು. ನನಗೆ ಗೊತ್ತಿರಲಿಲ್ಲ.

ಸ್ಟೇಜಿನ ಮೇಲೆ ಈ ಮಾತನ್ನು ನಾನು ಹೇಳಲೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನೀವು ಮಾಡಿದ್ದು ನೀವು ಹೇಳಿ. ನನ್ನ ಹೆಸ್ರು ಬೇಡ" ಎಂದಳು. ದಮಾಮಿ ಕುಣಿತದ ಮಾತು ತೆಗೆದೆ. "ಅದು ನಮ್ಮ ಮನೆ ಮದುವೆಗೆ, ಹಬ್ಬಕ್ಕೆ. ನೀವು ಬನ್ನಿ, ನೋಡಿ. ಗ್ಯಾದರಿಂಗಿಗೆ ನಮ್ಮನ್ನ ಮತ್ತೆ ಕುಣಿಸೂದು ಬೇಡ" ಎಂದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳನ್ನು ಕರೆದು, "ನಿಂಗೆ ಎಂತ ಆಗಬೇಕು ಅಂತ ಅಕ್ಕೋರಿಗೆ ನೀನೇ ಹೇಳು" ಎಂದಳು.

ಹುಡುಗಿ ತಲೆ ತಗ್ಗಿಸಿ, ಆದರೆ ಗಟ್ಟಿಯಾಗಿಯೇ ಹೇಳಿತು: "ನಾಟಕದಲ್ಲಿ ಕಿತ್ತೂರು ಚೆನ್ನಮ್ಮ."

ನಾನು ಒಂದು ಕ್ಷಣ ಸುಮ್ಮನಿದ್ದೆ. ಒಂದೇ ಕ್ಷಣ. ಕ್ಯಾಲೆಂಡರಿನ ಚೆನ್ನಮ್ಮ, ಗೌರವರ್ಣದ ಮುಖ, ಕಣ್ಣ ಮುಂದೆ ಬಂದು ಹೋಯಿತು. ಮೂವತ್ತು ವರ್ಷ ಇತಿಹಾಸ ಕಲಿಸಿದವಳ ಒಳಗೆ ಅದೂ ಇತ್ತು. ಹುಡುಗಿಯ ತಾಯಿ ಅಡಿಕೆ ಕತ್ತಿಯಿಂದ ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಆ ಕ್ಷಣ ಕಂಡಿತೆಂದು ನನಗೆ ಗೊತ್ತು.

"ಮಾತು ಬಹಳ ಉದ್ದ ಇದೆ, ಬಾಯಿಪಾಠ ಮಾಡ್ತೀಯಾ?" ಎಂದು ಕೇಳಿದೆ.

"ಅರ್ಧ ಆಗಿದೆ" ಎಂದಿತು ಹುಡುಗಿ.

ಸೋಮವಾರದಿಂದ ಶಾಲೆ ಬಿಟ್ಟ ಮೇಲೆ ಅಭ್ಯಾಸ ಇಟ್ಟುಕೊಂಡಿದ್ದೇವೆ. ಅಡಿಕೆ ವ್ಯಾಪಾರದ ಹುಡುಗನಿಗೂ ಎಲ್ಲವನ್ನೂ ಕೂರಿಸಿಕೊಂಡು ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಸಿ ಅಂತ ಕರೆದವರಲ್ಲಿ ನಾನೂ ಇದ್ದೆ ಅಕ್ಕೋರೇ" ಎಂದ. ಚೆನ್ನಮ್ಮನ ಕತ್ತಿ, ಗುರಾಣಿಯ ಖರ್ಚು ತನ್ನದೆಂದು ಹೇಳಿ ಹೋದ.